ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕೋದು: ವೈರ್‌ಲೆಸ್ ಕಲಿಸಿಕೊಟ್ಟ ಪಾಠ

ಇವತ್ತು ಬೆಳೆ ವಿಚಾರ ಅಲ್ಲ, ಸ್ವಲ್ಪ ಚರಿತ್ರೆ. ಉದ್ದ ಇದೆ, ಸಂಜೆ ಪುರುಸೊತ್ತಲ್ಲಿ ಓದಿ.

2024ರ ಅಕ್ಟೋಬರ್ ಕೊನೇ ವಾರದ ಸುದ್ದಿ ನಿಮಗೆಲ್ಲ ನೆನಪಿರಬೇಕು. ಮಳೆ ಚೆನ್ನಾಗಿ ಬಂದು ತುಮಕೂರು ಹತ್ತಿರದ ಮೈದಾಳ ಕೆರೆ ಕೋಡಿ ಬಿದ್ದಿತ್ತು. ಮಂದರಗಿರಿ ಬೆಟ್ಟದ ಕಡೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಕೋಡಿ ಹತ್ತಿರ ಕಾಲು ಜಾರಿ ನೀರಿನಲ್ಲಿ ಕೊಚ್ಚಿಹೋದಳು. ಅಗ್ನಿಶಾಮಕದವರು, ಪೊಲೀಸರು ಕತ್ತಲಾಗೋವರೆಗೂ ಹುಡುಕಿದರು, ಸಿಗಲಿಲ್ಲ. ಮಾರನೇ ದಿನ ಮೂಟೆಗಳನ್ನು ಅಡ್ಡ ಹಾಕಿ ನೀರು ತಿರುಗಿಸೋ ಕೆಲಸ ಶುರು ಮಾಡಿದಾಗ ಬಂಡೆ ಸಂದಿಯಿಂದ ಕೂಗು ಕೇಳಿಸಿತು. ಹುಡುಗಿ ಜೀವಂತವಾಗಿ ಹೊರಗೆ ಬಂದಳು.

ಇದನ್ನು ಎಲ್ಲರೂ ಪವಾಡ ಅಂದರು. ಇರಲಿ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಕೂಗೋ ಜೀವ ಅಲ್ಲೇ ಇತ್ತು, ಹುಡುಕೋರೂ ಅಲ್ಲೇ ಇದ್ದರು. ಕಿವಿಗೆ ಬಿದ್ದಿದ್ದು ಮಾತ್ರ ಮಾರನೇ ದಿನ. ಹುಡುಕೋದು ಅಂದರೆ ಅರ್ಧ ಕೆಲಸ ಕೇಳಿಸಿಕೊಳ್ಳೋದು. ವೈರ್‌ಲೆಸ್ ಬಂದು ನೂರು ವರ್ಷಕ್ಕೂ ಮೇಲಾಯಿತು. ಆ ನೂರು ವರ್ಷದ ಕಥೆ ತೆಗೆದು ನೋಡಿದರೆ ಅದೂ ಇದೇ ಮಾತನ್ನೇ ಹೇಳುತ್ತೆ.

ದುರ್ಗದ ಕಾಲ

ನಮ್ಮ ಸುತ್ತ ಎಷ್ಟು ದುರ್ಗಗಳಿವೆ ನೋಡಿ. ಕುಣಿಗಲ್ ತಾಲ್ಲೂಕಲ್ಲಿ ಹುತ್ರಿದುರ್ಗ, ಹುಲಿಯೂರುದುರ್ಗ. ಈ ಕಡೆ ದೇವರಾಯನದುರ್ಗ, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಆ ಹೆಸರು ಬಂತು. ಎತ್ತರದ ಮೇಲೆ ಕಾವಲು ಕೂತವನಿಗೆ ದೂರದ ಧೂಳು ಕಾಣುತ್ತೆ, ಅವನು ಹಚ್ಚಿದ ಬೆಂಕಿ ದೂರಕ್ಕೆ ಕಾಣುತ್ತೆ. ಸುದ್ದಿ ದಾಟಿಸೋಕೆ ಎತ್ತರ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಕಾಡಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಊರಿನವರು ಪಂಜು ಹಿಡಿದು, ತಮಟೆ ಬಡಿದು, ಹೆಸರು ಕೂಗುತ್ತಾ ಹೋಗೋರು. ಈಗಲೂ ನಾವು ಮಾಡೋದು ಅದೇ, ಪಂಜಿನ ಬದಲು ಟಾರ್ಚು. ಇದರಲ್ಲಿ ಎರಡು ತೊಂದರೆ. ಒಂದು, ಈ ತಂಡದ ಕೂಗನ್ನು ಆ ತಂಡ ಕಳೆದುಹೋದವನ ಕೂಗು ಅಂದುಕೊಂಡು ಅತ್ತ ಓಡುತ್ತೆ. ಎರಡು, ಯಾವ ಹಳ್ಳ ನೋಡಿ ಆಯಿತು, ಯಾವುದು ಬಾಕಿ ಅನ್ನೋದು ಯಾರಿಗೂ ಗೊತ್ತಿರಲ್ಲ. ಒಂದೇ ಹಳ್ಳವನ್ನು ಮೂರು ಸಲ ನೋಡಿರುತ್ತಾರೆ, ಪಕ್ಕದ ಹಳ್ಳಕ್ಕೆ ಒಬ್ಬರೂ ಇಳಿದಿರಲ್ಲ.

ಸಮುದ್ರದಲ್ಲಿ ಕಲಿತ ಪಾಠ

ವೈರ್‌ಲೆಸ್ ಮೊದಲು ಜೀವ ಉಳಿಸಿದ್ದು ಬೆಟ್ಟದಲ್ಲಲ್ಲ, ಸಮುದ್ರದಲ್ಲಿ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಮಂಜುಗಡ್ಡೆಗೆ ಬಡಿಯಿತು. ವೈರ್‌ಲೆಸ್ಸಿನವನು ಕಾಪಾಡಿ ಅಂತ ಸಂದೇಶ ಕಳಿಸುತ್ತಲೇ ಇದ್ದ. ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಅನ್ನೋ ಹಡಗು ನಿಂತಿತ್ತು. ಅದರಲ್ಲಿ ಇದ್ದವನು ಒಬ್ಬನೇ ಆಪರೇಟರ್, ಸೆಟ್ ಆಫ್ ಮಾಡಿ ಮಲಗಿದ್ದ. ಕೇಳಿಸಿಕೊಂಡಿದ್ದು ಇನ್ನೂ ದೂರ ಇದ್ದ, ನೂರು ಕಿಲೋಮೀಟರಿಗೂ ಆಚೆಯ ಕಾರ್ಪೇಥಿಯಾ. ಅದರ ಆಪರೇಟರ್ ಮಲಗೋ ಮುಂಚೆ ಇನ್ನೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ, ಅಷ್ಟೇ ವ್ಯತ್ಯಾಸ. ಆ ಹಡಗು ಬಂದು ಸುಮಾರು 700 ಜನರನ್ನು ಎತ್ತಿಕೊಂಡಿತು. ಸುಮಾರು 1,500 ಜನ ಸತ್ತರು.

ಆಮೇಲೆ ಹಡಗುಗಳ ವೈರ್‌ಲೆಸ್ಸಿಗೆ ಹಗಲೂ ರಾತ್ರಿ ಕಾವಲು ಇರಬೇಕು ಅಂತ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಮುಂದೆ ಇನ್ನೊಂದು ನಿಯಮ ಬಂತು, ನನಗೆ ಬಹಳ ಹಿಡಿಸಿದ್ದು ಅದು. ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಅಪಾಯದ ಕರೆಯ ತರಂಗದಲ್ಲಿ ಯಾವ ಹಡಗೂ ಮಾತಾಡಬಾರದು, ಎಲ್ಲರೂ ಸುಮ್ಮನೆ ಕೇಳಬೇಕು. ಕ್ಷೀಣವಾಗಿ ಕರೀತಿರೋ ಹಡಗು ಎಲ್ಲಾದರೂ ಇದ್ದರೆ ಅದರ ದನಿ ಆಗ ಕೇಳಿಸಲಿ ಅಂತ. ಮರೆಯದೆ ಇರಲಿ ಅಂತ ವೈರ್‌ಲೆಸ್ ಕೋಣೆಯ ಗಡಿಯಾರದಲ್ಲಿ ಆ ಮೂರು ನಿಮಿಷಗಳ ಜಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಮಾತಿಗೆ ಅಂತ ಮಾಡಿದ ಯಂತ್ರದಲ್ಲಿ ಮೌನಕ್ಕೂ ಕಾನೂನು ಬಂತು ನೋಡಿ.

ನಮ್ಮ ದೇಶದಲ್ಲಿ

ಭಾರತದಲ್ಲಿ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಂ ರೇಡಿಯೋ, 1921ರಲ್ಲಿ ಕಲ್ಕತ್ತದ ಅಮರೇಂದ್ರ ಚಂದ್ರ ಗುಪ್ತು ಅವರಿಂದ ಶುರುವಾಯಿತು ಅಂತ ಲೆಕ್ಕ. 1933ರಲ್ಲಿ ಬ್ರಿಟಿಷರು ವೈರ್‌ಲೆಸ್ ಕಾಯಿದೆ ತಂದರು. ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಂಡರೂ ಅಪರಾಧ. 1935ರಲ್ಲಿ ಮೈಸೂರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. ಆದರೆ ಆಕಾಶವಾಣಿ ಒಂದು ಕಡೆಯ ಮಾತು, ನಾವು ಕೇಳಬಹುದು, ತಿರುಗಿ ಹೇಳೋಕೆ ಆಗಲ್ಲ. ಹುಡುಕಾಟಕ್ಕೆ ಬೇಕಾಗಿರೋದು ಎರಡೂ ಕಡೆಯ ಮಾತು. ಅದು ಪೊಲೀಸು, ಮಿಲಿಟರಿ, ಅರಣ್ಯ ಇಲಾಖೆ ಹತ್ತಿರ ಇತ್ತು, ಬಿಟ್ಟರೆ ಈ ಹ್ಯಾಂಗಳ ಹತ್ತಿರ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಹ್ಯಾಂಗಳ ಸೆಟ್‌ಗಳನ್ನೂ ಸರ್ಕಾರ ವಾಪಸ್ ತೆಗೆದುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಚಿಗುರಿತು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಲೈಸೆನ್ಸ್ ಇದ್ದ ಹ್ಯಾಂ.

ಇದರ ಬೆಲೆ ದೇಶಕ್ಕೆ ಚೆನ್ನಾಗಿ ಗೊತ್ತಾಗಿದ್ದು 2004ರ ಸುನಾಮಿಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಕಡೆಯಿಂದ ಭಾರತಿ ಪ್ರಸಾದ್ ಅನ್ನೋ ಹೆಣ್ಣುಮಗಳು ಆ ತಿಂಗಳು ಅಂಡಮಾನ್‌ಗೆ ಹೋಗಿದ್ದರು. ಅಲ್ಲಿಂದ ಹ್ಯಾಂ ಪ್ರಸಾರಕ್ಕೆ ಅನುಮತಿ ಸಿಗೋದೇ ಅಪರೂಪ. ಪೋರ್ಟ್ ಬ್ಲೇರ್‌ನ ಹೋಟೆಲಲ್ಲಿ ಆಂಟೆನಾ ಕಟ್ಟಿ ದೇಶವಿದೇಶದ ಹ್ಯಾಂಗಳ ಜೊತೆ ಮಾತಾಡುತ್ತಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ನೆಲ ಅದುರಿತು, ಸಮುದ್ರ ನುಗ್ಗಿತು, ಫೋನ್ ಸತ್ತಿತು. ಆ ಹವ್ಯಾಸದ ಸೆಟ್ಟೇ ದ್ವೀಪಕ್ಕೂ ಮುಖ್ಯ ಭೂಮಿಗೂ ಕೊಂಡಿಯಾಯಿತು. ಸೆಟ್ಟನ್ನು ಜಿಲ್ಲಾಧಿಕಾರಿ ಕಚೇರಿಗೆ ಸಾಗಿಸಿದರು. ನನ್ನ ಮಗ ಎಲ್ಲಿ, ನನ್ನ ಗಂಡ ಬದುಕಿದ್ದಾನಾ ಅಂತ ಕೇಳೋ ಸಂದೇಶಗಳು ದಿನಗಟ್ಟಲೆ ಬಂದವು. ಒಂದೊಂದನ್ನೂ ಬರೆದುಕೊಂಡು, ವಿಚಾರಿಸಿ, ಉತ್ತರ ತಿರುಗಿ ಕಳಿಸಬೇಕಿತ್ತು.

ಬೆಟ್ಟದ ಕಡೆ ಬಂದರೆ

2019ರ ಸೆಪ್ಟೆಂಬರ್‌ನಲ್ಲಿ ಕುಮಾರ ಪರ್ವತಕ್ಕೆ ಚಾರಣ ಹೋಗಿದ್ದ ಬೆಂಗಳೂರಿನ ಒಬ್ಬ ಯುವಕ ತಂಡದಿಂದ ತಪ್ಪಿಸಿಕೊಂಡ. ಪೊಲೀಸರು, ಅರಣ್ಯ ಇಲಾಖೆಯವರು, ಊರಿನವರು ಹುಡುಕುತ್ತಿದ್ದರು. ಅವನು ನೀರಿನ ಪೈಪ್‌ಲೈನ್ ಕಂಡು, ಅದರ ಜಾಡು ಹಿಡಿದು ತಾನೇ ಸುಬ್ರಹ್ಮಣ್ಯದ ಕಡೆ ಇಳಿದು ಬಂದ. ಪೈಪ್ ಇದ್ದ ಮೇಲೆ ಅದರ ತುದಿಯಲ್ಲಿ ಮನುಷ್ಯ ಇರಲೇಬೇಕು ಅನ್ನೋ ಲೆಕ್ಕ ಸರಿಯಾಗಿತ್ತು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜಾರಿತು. ನಮ್ಮ ಚಾಮರಾಜನಗರದ ಗಡಿಯಾಚೆಯ ಜಿಲ್ಲೆ ಅದು. ಮೊಬೈಲ್ ಕೈಕೊಟ್ಟಾಗ ಹ್ಯಾಂಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯ ನೆಲಮಹಡಿಯಲ್ಲಿ ಮೂಲ ಠಾಣೆ ಹಾಕಿದರು. ಗುಡ್ಡ ಜಾರಿದ ಜಾಗದಲ್ಲಿ ಕೆಲವರು ಕೈಸೆಟ್ ಹಿಡಿದು ನಿಂತರು. ಮಧ್ಯೆ ಬೆಟ್ಟ ಅಡ್ಡ. ಅಂಬಲವಯಲ್‌ನ ಪೊನ್‌ಮುಡಿ ಕೋಟೆ ಅನ್ನೋ ಎತ್ತರದ ಜಾಗದಲ್ಲಿದ್ದ ರಿಪೀಟರ್ ಈ ಕಡೆಯ ಮಾತನ್ನು ಹಿಡಿದು ಆ ಕಡೆಗೆ ಎಸೆಯಿತು. ನಮ್ಮ ದುರ್ಗಗಳ ತಲೆಯ ಮೇಲೆ ಬೆಂಕಿ ಹಚ್ಚುತ್ತಿದ್ದ ಕಾವಲುಗಾರನ ಕೆಲಸವೇ ಅದು.

ಕೆಲಸ ನಡೆಯೋದು ಹೇಗೆ

ಕೈಸೆಟ್‌ನ ತರಂಗ ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತೆ. ಸಾಮಾನ್ಯ ಕೈಸೆಟ್ಟಿಗೆ 5 ವಾಟ್ ಶಕ್ತಿ. ಬಯಲಲ್ಲಿ ಕೆಲವು ಕಿಲೋಮೀಟರ್ ಹೋಗೋ ಮಾತು, ಬಂಡೆ ಹಿಂದೆ ಹೋದರೆ ಅರ್ಧ ಕಿಲೋಮೀಟರೂ ದಾಟದೆ ಇರಬಹುದು. ಅದಕ್ಕೆ ಜನ ಕಳಿಸೋ ಮುಂಚೆ ಮಾಡೋ ಮೊದಲ ಕೆಲಸ, ಎಲ್ಲ ಕಡೆ ಕಾಣೋ ನೆತ್ತಿಯ ಮೇಲೆ ಒಬ್ಬನನ್ನು ಕೂರಿಸೋದು. ಅವನು ಹುಡುಕಲ್ಲ. ಹಳ್ಳದಲ್ಲಿರೋ ತಂಡದ ಮಾತನ್ನು ಕೆಳಗೆ ದಾಟಿಸೋದು, ಕೆಳಗಿನದನ್ನು ಹಳ್ಳಕ್ಕೆ ದಾಟಿಸೋದು, ಅಷ್ಟೇ.

ಕೆಳಗೆ, ರಸ್ತೆ ಪಕ್ಕ ಮೂಲ ಠಾಣೆ. ಅಲ್ಲಿ ಕೂರೋನು ಒಬ್ಬನೇ ಇರಬೇಕು, ಅವನು ಜಾಗ ಬಿಟ್ಟು ಏಳಬಾರದು. ಮುಂದೆ ನಕ್ಷೆ, ಕೈಯಲ್ಲಿ ಪುಸ್ತಕ. ಪ್ರತಿ ಮಾತಿಗೂ ಗಂಟೆ ಹಾಕಿ ಬರೀತಾನೆ: 4.10, ಎರಡನೇ ತಂಡ, ಚಿಲುಮೆ ಕೆಳಗಿನ ಹಳ್ಳ ಪೂರ್ತಿ ನೋಡಿ ಆಯಿತು, ಏನೂ ಇಲ್ಲ. ಈ ಏನೂ ಇಲ್ಲ ಅನ್ನೋದಕ್ಕೂ ಬೆಲೆ ಇದೆ, ನಾಳೆ ಆ ಹಳ್ಳಕ್ಕೆ ಮತ್ತೆ ಹತ್ತು ಜನ ಹೋಗೋದು ತಪ್ಪುತ್ತೆ.

ಮಾತಾಡೋಕೂ ಕ್ರಮ ಇದೆ. ಮೊದಲು ಕರೀತಿರೋರ ಹೆಸರು, ಆಮೇಲೆ ನಮ್ಮ ಹೆಸರು. ಬಟನ್ ಒತ್ತಿ ಒಂದು ಕ್ಷಣ ತಡೆದು ಮಾತಾಡಬೇಕು, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತೆ. ಹುಡುಕಬೇಡಿ ಅನ್ನೋದು ಹುಡುಕಿ ಅಂತ ಕೇಳಿಸಿದರೆ ಎಂಥ ಅನಾಹುತ! ಅದಕ್ಕೆ ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಒಂದೇ ತರಂಗದಲ್ಲಿ ಇಬ್ಬರು ಬಟನ್ ಒತ್ತಿದರೆ ಇಬ್ಬರದೂ ಕೆಡುತ್ತೆ. ಬ್ಯಾಟರಿ ಉಳಿಯಲಿ ಅಂತ ಅರ್ಧ ಗಂಟೆಗೊಮ್ಮೆ ಅಂತ ಹೊತ್ತು ನಿಗದಿ ಮಾಡಿಕೊಂಡು ವರದಿ ಕೊಡೋದು ಒಳ್ಳೇದು. ಆ ಹೊತ್ತಿಗೆ ಒಂದು ತಂಡ ಮಾತಾಡಲಿಲ್ಲ ಅಂದರೆ ಮೊದಲು ಆ ತಂಡವನ್ನು ವಿಚಾರಿಸಬೇಕು. ಹುಡುಕೋಕೆ ಹೋದವನೇ ಕಳೆದುಹೋಗಬಾರದಲ್ಲ.

ಇನ್ನೊಂದು ಸೂಕ್ಷ್ಮ. ಮೂಲ ಠಾಣೆ ಸುತ್ತ ಕಳೆದುಹೋದವರ ಅಪ್ಪ ಅಮ್ಮ ನಿಂತಿರುತ್ತಾರೆ, ಸೆಟ್ಟಿನ ಮಾತು ಅವರಿಗೂ ಕೇಳುತ್ತೆ. ಸಿಕ್ಕವರು ಬದುಕಿದ್ದಾರೋ ಇಲ್ಲವೋ ಅನ್ನೋದಕ್ಕೆ ಮೊದಲೇ ಒಂದು ಗುಟ್ಟಿನ ಪದ ಇಟ್ಟುಕೊಂಡಿರಬೇಕು. ಹೆತ್ತವರಿಗೆ ಆ ಸುದ್ದಿಯನ್ನು ಮನುಷ್ಯರು ಹತ್ತಿರ ಕೂತು ಹೇಳಬೇಕು, ಯಂತ್ರ ಕಿರುಚಬಾರದು.

ಮೌನದ ಕೆಲಸವೂ ಇದೆ. ಮೂಲ ಠಾಣೆಯಿಂದ ಹೇಳಿದ ಕೂಡಲೇ ಎಲ್ಲ ತಂಡ ನಿಂತು, ಸೆಟ್ಟಿನ ದನಿ ಇಳಿಸಿ, ಎರಡು ಮೂರು ನಿಮಿಷ ಸುಮ್ಮನೆ ಕೇಳಬೇಕು. ಹಡಗಿನವರ ಗಡಿಯಾರದ ಕೆಂಪು ಬಣ್ಣದ ಹಾಗೆ. ಸುಸ್ತಾದವರ ದನಿ ಜೋರಾಗಿರಲ್ಲ.

ನಮ್ಮ ಬೆಟ್ಟ, ನಮ್ಮ ಕೆಲಸ

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಯಿತು. ಬುಕಿಂಗ್ ಇದ್ದರೆ ಯಾರು ಹತ್ತಿದರು, ಯಾರು ಇಳಿದರು ಅನ್ನೋ ಪಟ್ಟಿಯಾದರೂ ಸಿಗುತ್ತೆ. ನಮ್ಮ ಕಡೆಯ ಸಣ್ಣಪುಟ್ಟ ಗುಡ್ಡಗಳಿಗೆ ಭಾನುವಾರ ಬೈಕಲ್ಲಿ ಬಂದು ಹತ್ತೋ ಹುಡುಗರ ಲೆಕ್ಕ ಯಾರ ಹತ್ತಿರವೂ ಇಲ್ಲ. ಬೆಟ್ಟದ ಬುಡದಲ್ಲಿ ಅನಾಥವಾಗಿ ನಿಂತ ಬೈಕನ್ನು ಮೊದಲು ನೋಡೋದು ಕುರಿ ಮೇಯಿಸೋನು, ಹೊಲಕ್ಕೆ ನೀರು ಕಟ್ಟೋಕೆ ಹೋದ ನಾವು.

ದೇವರಾಯನದುರ್ಗದ ವಿಚಾರ ಒಂದು ಗಮನಿಸಿ. ಅಲ್ಲೇ ಹುಟ್ಟಿದ ಶಿಂಷಾ ದಕ್ಷಿಣಕ್ಕೆ ಇಳಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತೆ. ಅಲ್ಲೇ ಹುಟ್ಟಿದ ಜಯಮಂಗಲಿ ಉತ್ತರಕ್ಕೆ, ಕೊರಟಗೆರೆ ಕಡೆ ಹೋಗುತ್ತೆ. ದಾರಿ ತಪ್ಪಿದವನು ನೀರಿನ ಜಾಡು ಹಿಡಿದರೆ ಹಿಡಿದ ಹಳ್ಳದ ಮೇಲೆ ಅವನು ಯಾವ ಕಡೆಗೆ ಬೇಕಾದರೂ ಹೊರಬರಬಹುದು. ಹತ್ತಿದ ಕಡೆ ಮಾತ್ರ ಹುಡುಕಿದರೆ ಸಾಲದು, ಎರಡೂ ಮಗ್ಗುಲಿನ ಊರುಗಳಿಗೆ ಸುದ್ದಿ ಮುಟ್ಟಬೇಕು. ಇದು ನಮಗೆ ಗೊತ್ತಿರೋ ಲೆಕ್ಕ, ಊರಾಚೆಯಿಂದ ಬಂದ ತಂಡಕ್ಕೆ ನಾವೇ ಹೇಳಬೇಕು.

ಮೊಬೈಲ್ ಟವರಿನಿಂದ ಪತ್ತೆ ಮಾಡ್ತಾರೆ ಬಿಡಿ ಅಂತ ಕೂರಬೇಡಿ. ಹಳ್ಳಿ ಕಡೆ ಒಂದು ಟವರಿನ ವ್ಯಾಪ್ತಿ ಹಲವು ಕಿಲೋಮೀಟರ್. ಯಾವ ದಿಕ್ಕು ಅಂತ ಗೊತ್ತಾಗಬಹುದು, ಯಾವ ಬಂಡೆ ಅಂತ ಗೊತ್ತಾಗಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು 112ಕ್ಕೆ ಫೋನ್. ಹುಡುಗರು ಗುಂಪು ಕಟ್ಟಿಕೊಂಡು ನುಗ್ಗೋ ಮುಂಚೆ ಒಬ್ಬರು ಪುಸ್ತಕ ಹಿಡಿದು ಕೂತುಕೊಳ್ಳಿ, ಹೋಗೋರ ಹೆಸರು, ದಿಕ್ಕು, ಹೊತ್ತು ಬರೆದುಕೊಳ್ಳಿ. ಸೆಟ್ ಇರೋ ಪೊಲೀಸರ, ಅರಣ್ಯದವರ ಒಂದೊಂದು ತಂಡದ ಜೊತೆಗೆ ಹಳ್ಳ ಗೊತ್ತಿರೋ ನಮ್ಮೂರಿನ ಒಬ್ಬೊಬ್ಬ ಹೋಗಲಿ. ಚಿರತೆ, ಕರಡಿ ಇರೋ ಕಾಡು, ಕತ್ತಲಲ್ಲಿ ಒಬ್ಬೊಬ್ಬರೇ ಬೇಡ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ವಾಕಿಟಾಕಿ ತರಿಸಬೇಡಿ, ಲೈಸೆನ್ಸ್ ಇಲ್ಲದೆ ಅಂಥ ಸೆಟ್ಟಲ್ಲಿ ಮಾತಾಡೋದು ಅಪರಾಧ, ಪೊಲೀಸರ ಮಾತಿಗೂ ಅಡ್ಡ ಬರಬಹುದು. ಆಸಕ್ತಿ ಇರೋ ಮಕ್ಕಳಿಗೆ ಹ್ಯಾಂ ಪರೀಕ್ಷೆ ಕಟ್ಟಿಸಿ. 12 ವರ್ಷ ತುಂಬಿದರೆ ಸಾಕು, ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಡುತ್ತೆ, ಬೆಂಗಳೂರಲ್ಲಿ ಕಲಿಸೋರೂ ಇದ್ದಾರೆ. ಹೋಬಳಿಗೆ ಇಬ್ಬರು ಹ್ಯಾಂ ಆದರೂ ದೊಡ್ಡ ಮಾತು.

ಸದ್ಯಕ್ಕೆ ದುಡ್ಡಿಲ್ಲದೆ ಆಗೋ ಒಂದು ಕೆಲಸ ಇದೆ. ನಿಮ್ಮೂರ ಬೆಟ್ಟದಲ್ಲಿ ಎಲ್ಲಿ ನಿಂತರೆ ಫೋನ್ ಸಿಗ್ನಲ್ ಬರುತ್ತೆ, ಯಾವ ಹಳ್ಳದಲ್ಲಿ ಪೂರ್ತಿ ಸಾಯುತ್ತೆ, ಯಾವ ನೆತ್ತಿಯಿಂದ ಎರಡೂ ಕಡೆ ಕಾಣುತ್ತೆ ಅಂತ ಕೆಳಗೆ ಬರೀರಿ. ಊರಿನ ಹೆಸರು, ಜಾಗದ ಹೆಸರು ನೀವು ಕರೆಯೋ ಹಾಗೇ ಹಾಕಿ. ಎಲ್ಲ ಒಟ್ಟು ಮಾಡಿ ಒಂದು ಹಾಳೆಗೆ ಇಳಿಸಿ, ನಮ್ಮ ಠಾಣೆಗೂ ಅರಣ್ಯ ಇಲಾಖೆಯವರಿಗೂ ತಲುಪಿಸುತ್ತೇನೆ.