ಕೆರೆಯಂಗಳದ ಮನೆ

2021ರ ನವೆಂಬರ್ ಮಳೆಗೆ ಚೆನ್ನೈನ ಟಿ. ನಗರದ ನಮ್ಮ ಬಾಡಿಗೆ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ತಿಪಟೂರಿನಿಂದ ಅಪ್ಪ ಫೋನ್ ಮಾಡಿ, "ಹತ್ರದಲ್ಲಿ ಹೊಳೆ ಏನಾದ್ರೂ ಇದೆಯೇನೋ?" ಎಂದರು. "ಇಲ್ಲಪ್ಪ, ಅಡ್ಯಾರ್ ಹೊಳೆ ದೂರ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಹಂಗಾದ್ರೆ ನೀರು ಎಲ್ಲಿಂದ ಬಂತು?"

ಆ ಪ್ರಶ್ನೆ ಹಿಡಿದು ಹಳೆಯ ನಕ್ಷೆಗಳನ್ನು ಹುಡುಕಲು ಕೂತೆ. ಕಳೆದ ಶತಮಾನದ ಆರಂಭದ ಮದ್ರಾಸ್ ನಕ್ಷೆಯೊಂದನ್ನು ಈಗಿನ ನಕ್ಷೆಯ ಮೇಲೆ ಹೊಂದಿಸಿದೆ. ಮೌಂಟ್ ರಸ್ತೆ, ರೈಲು ಹಳಿ ಎರಡೂ ಅಂದಿನ ಜಾಗದಲ್ಲೇ ಇರುವುದರಿಂದ ಹೊಂದಿಸುವುದು ಕಷ್ಟವಾಗಲಿಲ್ಲ. ಇವೆರಡರ ನಡುವೆ, ಈಗ ಪಾನಗಲ್ ಪಾರ್ಕ್, ಉಸ್ಮಾನ್ ರಸ್ತೆ, ರೇಷ್ಮೆ ಸೀರೆ ಅಂಗಡಿಗಳೆಲ್ಲ ಇರುವ ಕಡೆ, ಬಾಗಿದ ಒಂದು ನೀಲಿ ಪಟ್ಟಿ. ಹೆಸರು 'ಲಾಂಗ್ ಟ್ಯಾಂಕ್'. ಮೈಲಾಪುರ ಮತ್ತು ನುಂಗಂಬಾಕ್ಕಂ ಕೆರೆಗಳೆರಡೂ ಸೇರಿ ಉದ್ದಕ್ಕೆ ಹಬ್ಬಿದ್ದ ನೀರು. ನಮ್ಮ ಬೀದಿ ಅದರ ದಂಡೆಯಲ್ಲೂ ಅಲ್ಲ, ಒಳಗೇ ಇತ್ತು.

1923ರ ಸುಮಾರಿಗೆ ಈ ಕೆರೆಯನ್ನು ಬತ್ತಿಸಿ ಬಡಾವಣೆ ಮಾಡಲು ಶುರು ಮಾಡಿದರು. ಊರು ಬೆಳೆಯುತ್ತಿತ್ತು, ಮನೆಗೆ ಜಾಗ ಬೇಕಿತ್ತು. ಬಡಾವಣೆಗೆ ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು. ಪಾರ್ಕಿಗೆ ಅದೇ ಪಕ್ಷದ ಪ್ರಧಾನಿ ಪಾನಗಲ್ ರಾಜನ ಹೆಸರು. ಬೀದಿ ಬೀದಿಗೂ ನಾಯಕರೇ. ನುಂಗಂಬಾಕ್ಕಂ ಕಡೆ ಉಳಿದಿದ್ದ ಕೆರೆ ಜಾಗದ ಮೇಲೆ 1976ರಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು.

ನನಗೆ ನಾಚಿಕೆಯಾಗಿದ್ದು ಇದಕ್ಕೆ. ಹಳಿಯಾಚೆ ಪಶ್ಚಿಮ ಮಾಂಬಲಂನಲ್ಲಿ ಲೇಕ್ ವ್ಯೂ ರಸ್ತೆ ಇದೆ. ಅಲ್ಲಿ ವರ್ಷಗಟ್ಟಲೆ ತರಕಾರಿ ಕೊಂಡಿದ್ದೇನೆ. ತಮಿಳಿನಲ್ಲಿ ಅದು 'ಏರಿಕ್ಕರೈ ಸಾಲೈ'. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ಅವರಿಗೆ ಏರಿ ಎಂದರೆ ಕೆರೆಯೇ. ಯಾವ ಅರ್ಥದಲ್ಲಿ ಓದಿದರೂ ಅಲ್ಲಿ ನೀರಿದೆ! ಕೆರೆ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ಬೆಂಗಳೂರಿನಲ್ಲಿದ್ದಾಗ ಧರ್ಮಾಂಬುಧಿ ಕೆರೆಯ ಮೇಲೆ ನಿಂತ ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದಿದ್ದೇನೆ, ಸಂಪಂಗಿ ಕೆರೆಯ ಮೇಲಿನ ಕಂಠೀರವದಲ್ಲಿ ಆಟ ನೋಡಿದ್ದೇನೆ. ಆಗಲೂ ಕೇಳಿರಲಿಲ್ಲ.

ಮಾಂಬಲಂ ಕಾಲುವೆ ಈಗಲೂ ವಳ್ಳುವರ್ ಕೋಟ್ಟಂ ಕಡೆಯಿಂದ ಟಿ. ನಗರ ದಾಟಿ ನಂದನಂ ಬಳಿ ಅಡ್ಯಾರ್ ಹೊಳೆ ಸೇರುತ್ತದೆ. ನಾವು ಅದನ್ನು ಮೋರಿ ಎಂದುಕೊಂಡಿದ್ದೆವು. ತೂಬು, ಕೋಡಿ ಗೊತ್ತಿದ್ದ ಅಪ್ಪನಿಗೆ ನಕ್ಷೆ ಕಳಿಸಿದೆ. "ಕೆರೆಯಂಗಳದಲ್ಲಿ ಮನೆ ಮಾಡಿದೀಯಲ್ಲೋ, ನೀರಿಗೆ ಬೈದು ಏನು ಬಂತು?" ಎಂದರು.

ಮನೆ ಮಾಲೀಕರಿಗೂ ತೋರಿಸಿದೆ. ಅವರ ತಾತ ಕೊಂಡ ಸೈಟು. ಕನ್ನಡಕ ಏರಿಸಿ ನೀಲಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ಬಾಡಿಗೆ ಕೇಳೋಕೆ ಬರೋರಿಗೆ ತೋರಿಸಬೇಡಿ ಸಾರ್" ಎಂದರು. ಮಾರ್ಚ್‌ನಲ್ಲಿ ನಾವು ಅದೇ ಕಟ್ಟಡದ ಎರಡನೇ ಮಹಡಿಗೆ ಹೋದೆವು. ಕೆಳಗಿನ ಮನೆ ನೋಡಲು ಬಂದವರು ದಾವಣಗೆರೆಯ ಹೊಸ ದಂಪತಿ, ನನ್ನದೇ ಆಫೀಸಿನವರು. ಅವರಿಗೆ ಕಾಫಿ ಕೊಟ್ಟು, ಫೋನಿನಲ್ಲಿ ಆ ನಕ್ಷೆ ತೆರೆದೆ.