ತೂಕದ ಹಳೆಯ ದಾಖಲೆಗಳು ಹೇಳಿದ ಹೃದಯದ ಕಥೆ

ಹೃದಯಾಘಾತಕ್ಕೆ ಕಾರಣವೇನೆಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಧೂಮಪಾನ, ಕರಿದ ತಿಂಡಿ, ಬೊಜ್ಜು, ಮಾನಸಿಕ ಒತ್ತಡ ಎಂದು ಪಟ್ಟಿ ಕೊಡುತ್ತಾರೆ. ಅದು ಸರಿಯೇ. ಆದರೆ ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲೇ ಒಂದು ಕಾರಣ ಇರಬಹುದೆಂದು ಹೇಳುವವರು ವಿರಳ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದ ವೈದ್ಯವಿಜ್ಞಾನಿ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು 1986ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. 1921–25ರಲ್ಲಿ ಯಾವ ಪ್ರದೇಶಗಳಲ್ಲಿ ಶಿಶುಮರಣ ಹೆಚ್ಚಾಗಿತ್ತೋ, ಸುಮಾರು ಐವತ್ತು ವರ್ಷಗಳ ಅನಂತರ ಅಲ್ಲಿಯೇ ಹೃದ್ರೋಗದ ಸಾವುಗಳೂ ಹೆಚ್ಚಾಗಿದ್ದವು. ಹಾಗಾದರೆ ಬದುಕುಳಿದ ಶಿಶುಗಳಲ್ಲೂ ಏನೋ ಕೊರತೆ ಉಳಿದಿತ್ತೆ? ಇದನ್ನು ಪರೀಕ್ಷಿಸಲು ಅಂದಿನ ಶಿಶುಗಳ ತೂಕ ಬೇಕಿತ್ತು.

ಅದು ದೊರೆತದ್ದು ಹರ್ಟ್‌ಫರ್ಡ್‌ಷೈರ್‌ನಲ್ಲಿ. ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯಾಧಿಕಾರಿಣಿ 1911ರಿಂದ ಅಲ್ಲಿನ ಶಿಶುಗಳನ್ನು ಹುಟ್ಟಿದಾಗ ಮತ್ತು ಒಂದು ವರ್ಷ ತುಂಬಿದಾಗ ದಾದಿಯರಿಂದ ತೂಗಿಸಿ, ಬರೆಯಿಸಿ ಇಟ್ಟಿದ್ದರು. 1911–30ರಲ್ಲಿ ಹುಟ್ಟಿದ 5,654 ಗಂಡಸರ ವಿವರ 1989ರಲ್ಲಿ ಪ್ರಕಟವಾಯಿತು. ದೇಶದ ಸರಾಸರಿಯನ್ನು 100 ಎಂದುಕೊಂಡರೆ, ವರ್ಷ ತುಂಬಿದಾಗ 8.2 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗದ ಸಾವು 111, 12.3 ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ 42. ಹುಟ್ಟಿನ ತೂಕ ಕಡಿಮೆಯಿದ್ದವರಲ್ಲೂ ಅಪಾಯ ಹೆಚ್ಚಾಗಿತ್ತು.

ನೀವು ಆಕ್ಷೇಪಿಸಬಹುದು: ಬಡವರ ಮನೆಯ ಮಗು ಬಡತನದಲ್ಲೇ ಬೆಳೆಯುತ್ತದೆಯಲ್ಲವೆ? ಅಪಾಯ ಗರ್ಭದಿಂದ ಬಂದದ್ದೆಂದು ಹೇಗೆ ನಂಬುವುದು? ಆಗ ಅನೇಕರು ಕೇಳಿದ್ದೂ ಇದನ್ನೇ. ಉತ್ತರಕ್ಕೆ ನೆರವಾದದ್ದು ಹಾಲೆಂಡಿನ ಒಂದು ದುರಂತ. 1944–45ರ ಚಳಿಗಾಲದಲ್ಲಿ, ಯುದ್ಧದ ದಿಗ್ಬಂಧನದಿಂದ ಅಲ್ಲಿನ ಪಡಿತರ ದಿನಕ್ಕೆ 400–800 ಕ್ಯಾಲೊರಿಗೆ ಕುಸಿಯಿತು. ಕೆಲವೇ ತಿಂಗಳಲ್ಲಿ ಬರ ಮುಗಿದು ಎಲ್ಲರಿಗೂ ಊಟ ದೊರೆಯಿತು. ಗರ್ಭದ ಮೊದಲ ತಿಂಗಳುಗಳಲ್ಲಿ ಆ ಹಸಿವಿಗೆ ಸಿಕ್ಕಿದ್ದವರು ಸರಿಯಾದ ತೂಕದಲ್ಲೇ ಹುಟ್ಟಿದರು; ಆದರೂ ಐವತ್ತರ ಪ್ರಾಯದಲ್ಲಿ ಅವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ತೂಕವೆಂಬುದು ಒಂದು ಸೂಚಿ ಮಾತ್ರ ಎಂಬುದೂ ಇದರಿಂದ ತಿಳಿಯಿತು.

ಈ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಸ್ಥಾನವಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳು ಉಳಿದಿದ್ದವು. ಅಲ್ಲಿ 1934–54ರಲ್ಲಿ ಹುಟ್ಟಿದ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. 2.5 ಕಿಲೋಗ್ರಾಂ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗ್ರಾಂ ಅಥವಾ ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 3 ಮಂದಿಗೆ. ತಾಯಿ ಬಡಕಲಾಗಿದ್ದಷ್ಟೂ ಮಕ್ಕಳಿಗೆ ಅಪಾಯ ಹೆಚ್ಚಾಗಿತ್ತು.

ಇದು ಹೇಗೆ ಸಾಧ್ಯ? ಪೋಷಣೆ ಸಾಲದಾದಾಗ ಭ್ರೂಣವು ಮಿದುಳಿಗೆ ಆದ್ಯತೆ ಕೊಟ್ಟು ಉಳಿದ ಅಂಗಗಳ ಪಾಲನ್ನು ಕಡಿತ ಮಾಡುತ್ತದೆ. ಮೂತ್ರಪಿಂಡದ ನೆಫ್ರಾನ್‌ಗಳು ರೂಪುಗೊಳ್ಳುವುದು ಹುಟ್ಟುವ ಮುಂಚೆ. ಆಗ ಕಡಿಮೆಯಾದದ್ದು ಮುಂದೆ ತುಂಬಿಬರುವುದಿಲ್ಲ. ಇದರಿಂದ ರಕ್ತದೊತ್ತಡ ಏರಿ ಹೃದಯದ ಹೊರೆ ಹೆಚ್ಚಬಹುದು. ಕಾಂತಕ್ಷೇತ್ರವನ್ನು ತೆಗೆದರೂ ಉಕ್ಕಿನಲ್ಲಿ ಕಾಂತತೆ ಉಳಿಯುವುದನ್ನು ನಾವು ಪ್ರಯೋಗಶಾಲೆಯಲ್ಲಿ ತೋರಿಸುತ್ತೇವೆ. ದೇಹಕ್ಕೂ ಅಂಥದೊಂದು ನೆನಪಿದೆ.

ಇದು ತಾಯಿಯನ್ನು ದೂರುವ ವಿಜ್ಞಾನವಲ್ಲ. ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವೆಂದು ಬಸುರಿಯ ಊಟ ಕಡಿಮೆ ಮಾಡುವ, ಎಲ್ಲರ ಊಟವಾದ ಮೇಲೆ ಉಳಿದುದನ್ನು ಅವಳಿಗೆ ಬಡಿಸುವ ಮನೆಗಳು ಇನ್ನೂ ಇವೆ. ಬದಲಾಗಬೇಕಾದದ್ದು ಅಲ್ಲಿ. ನಾಳೆ ತರಗತಿಯಲ್ಲಿ ಹೃದಯದ ಪಾಠ ಮಾಡುವಾಗ ಇದನ್ನೂ ಹೇಳಿ. ಅದನ್ನು ಕೇಳುವ ಹುಡುಗರೂ ಹುಡುಗಿಯರೂ ಮುಂದೆ ಮನೆ ನಡೆಸುವವರು.