ಗೋಧಿ ಸೀಮೆಯ ಆಟಗಾರರು

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿ ಇಂಡಿಯನ್ ಹೆಡ್ ಎಂಬ ಪುಟ್ಟ ಊರಿದೆ. ಹೆಸರಿನಲ್ಲಿರುವ ಇಂಡಿಯನ್ನರು ನಾವಲ್ಲ, ಅಲ್ಲಿನ ಮೂಲನಿವಾಸಿಗಳು! 1947ರಿಂದ ಅಲ್ಲಿ ಹಣದ ಬಹುಮಾನವಿಟ್ಟು ಬೇಸ್‌ಬಾಲ್ ಪಂದ್ಯಾವಳಿ ನಡೆಸತೊಡಗಿದರು. ಜಾತ್ರೆಗೆ ಸೇರುವಂತೆ ಸುತ್ತಲಿನ ಜನ ಸೇರುತ್ತಿದ್ದರು. 1950ರಲ್ಲಿ ಊರಿನ ಮೇಯರ್ ಜಿಮ್ಮಿ ರಾಬಿಸನ್ ದೂರದ ಫ್ಲಾರಿಡಾದಿಂದ ಕಪ್ಪು ಜನರ ತಂಡವೊಂದನ್ನೇ ಕರೆತಂದರು. ಜಾಕ್ಸನ್‌ವಿಲ್ ಈಗಲ್ಸ್ ಹೋಗಿ ಇಂಡಿಯನ್ ಹೆಡ್ ರಾಕೆಟ್ಸ್ ಆಯಿತು.

ಆ ಹುಡುಗರ ತವರಿನಲ್ಲಿ ಆಗ ಶಾಲೆ, ಹೋಟೆಲು, ಬಸ್ಸಿನ ಸೀಟು, ಎಲ್ಲವೂ ಬಣ್ಣ ನೋಡಿಯೇ. ಇಲ್ಲಿ ಬಿಳಿಯರ ಊರೊಂದು ತನ್ನ ಹೆಸರನ್ನೇ ಅವರ ಬೆನ್ನಿಗೆ ಕಟ್ಟಿತು. ಭೇದವೇ ಅಳಿಯಿತೆಂದು ನಾನು ನಂಬಲಾರೆ. ಗೆಲ್ಲಿಸುವ ಕೈ ಯಾರಿಗೆ ಬೇಡ? ಆದರೂ ಆ ಹೆಸರು ಸಣ್ಣದಲ್ಲ. ಬೇಸಿಗೆ ಮುಗಿದರೆ ಮಾತ್ರ ಅವರು ತವರಿಗೆ ಮರಳಿ ಬಸ್ಸಿನ ಹಿಂದಿನ ಸೀಟಿಗೇ ಹೋಗಬೇಕಿತ್ತು.